ಮದುವೆಗಾಗಿ ಮಾತ್ರೆ ನಿಲ್ಲಿಸಬೇಕೆ?

ನಿನ್ನೆ ನರರೋಗ ತಜ್ಞರ ಕೊಠಡಿಯ ಹೊರಗೆ ಸರದಿಗಾಗಿ ಕಾಯುತ್ತಿದ್ದಾಗ, ಪಕ್ಕದಲ್ಲಿ ಕುಳಿತಿದ್ದ ತಾಯಿಯೊಬ್ಬರು ಮಗಳಿಗೆ ಹೇಳಿದ ಮಾತು ಕೇಳಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ: "ಮದುವೆಯಾದ ಹೊಸದರಲ್ಲಿ ಸ್ವಲ್ಪ ದಿನ ಮಾತ್ರೆ ಬಿಟ್ಟುಬಿಡು, ಅತ್ತೆಯ ಕಣ್ಣಿಗೆ ಬಿದ್ದರೆ ಏನು ಹೇಳುತ್ತೀ?"

ಆ ಹುಡುಗಿಯಂತೆ ನನಗೂ ಅಪಸ್ಮಾರ, ಅಂದರೆ ಫಿಟ್ಸ್ ಕಾಯಿಲೆ, ಇದೆ. ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ಹತೋಟಿಯಲ್ಲಿದ್ದ ಫಿಟ್ಸ್ ಮರುಕಳಿಸುವುದಷ್ಟೇ ಅಲ್ಲ, ಒಂದರ ಹಿಂದೊಂದು ಬಿಡದೆ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಅದರ ಮೇಲೆ ಮದುವೆಮನೆಯ ನಿದ್ದೆಗೇಡು ಬೇರೆ. ನಮ್ಮಲ್ಲಿ ಅನೇಕರಿಗೆ ಫಿಟ್ಸ್ ಬರಲು ಅದೊಂದೇ ಸಾಕು. ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಬರುವ ಅಪಸ್ಮಾರವಂತೂ ದಕ್ಷಿಣ ಕರ್ನಾಟಕದಲ್ಲೇ ಹೆಚ್ಚಾಗಿ ಕಂಡುಬಂದಿದೆ. ಅಂಥವರಿಗೆ ಮದುವೆಯ ಎಣ್ಣೆನೀರಿನ ಶಾಸ್ತ್ರವೂ ಅಪಾಯವೇ.

ಹಿಂದೂ ವಿವಾಹ ಕಾಯ್ದೆಯಲ್ಲಿ ಅಪಸ್ಮಾರವನ್ನು ಹುಚ್ಚಿನ ಪಕ್ಕದಲ್ಲಿಟ್ಟು, ಅದು ಪದೇ ಪದೇ ಬರುವವರು ಮದುವೆಗೆ ಅರ್ಹರಲ್ಲವೆಂದು ಬರೆದಿದ್ದ ಕಾಲವೊಂದಿತ್ತು. 1999ರ ತಿದ್ದುಪಡಿ ಆ ಪದವನ್ನೇ ತೆಗೆದುಹಾಕಿತು. ಕಾನೂನು ಬಿಟ್ಟುಕೊಟ್ಟ ಕಳಂಕವನ್ನು ತಾಯಂದಿರೇ ಹೆಣ್ಣುಮಕ್ಕಳ ಸೆರಗಿಗೆ ಕಟ್ಟಿ ಕಳಿಸುತ್ತಿದ್ದಾರೆ.

ತಡೆಯಲಾರದೆ ಆ ತಾಯಿಯನ್ನು ಮಾತನಾಡಿಸಿದೆ. "ಹೇಳಿದರೆ ಸಂಬಂಧ ಮುರಿದುಬೀಳುತ್ತದೆ, ಹೆಣ್ಣು ಹೆತ್ತವರ ಕಷ್ಟ ನಿಮಗೇನು ಗೊತ್ತಮ್ಮ" ಎಂದರು. ಮುರಿಯುತ್ತದೆ, ನಿಜ. ನನ್ನದೂ ಮಾತುಕತೆಯ ಹಂತದಲ್ಲೇ ಮುರಿದದ್ದುಂಟು, ವಾರಗಟ್ಟಲೆ ಅತ್ತದ್ದೂ ಉಂಟು. ಆದರೆ ತಾಳಿ ಬಿದ್ದ ಮೇಲೆ ನಡುಮನೆಯಲ್ಲಿ ಫಿಟ್ಸ್ ಬಂದು ಬಿದ್ದಾಗ, ಕಾಯಿಲೆಗಿಂತ ಮುಚ್ಚಿಟ್ಟದ್ದೇ ದೊಡ್ಡ ಅಪರಾಧವಾಗಿ ಆ ಹುಡುಗಿ ಒಬ್ಬಳೇ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ; ಮುಚ್ಚಿಡಲು ಹೇಳಿಕೊಟ್ಟವರು ಆಗ ಪಕ್ಕದಲ್ಲಿರುವುದಿಲ್ಲ.

ಇನ್ನು ಬಸಿರಿನ ವಿಷಯ. ಫಿಟ್ಸ್ ತಡೆಯುವ ಔಷಧಗಳಲ್ಲೊಂದಾದ ವಾಲ್‌ಪ್ರೊಯೇಟ್ ಗರ್ಭದ ಮಗುವಿನ ಬೆಳವಣಿಗೆಗೆ ಹಾನಿ ಮಾಡಬಹುದಾದ್ದರಿಂದ, ಗರ್ಭ ನಿಲ್ಲುವ ಮೊದಲೇ ವೈದ್ಯರನ್ನು ಕಂಡು ಔಷಧ ಬದಲಿಸುವ ಯೋಚನೆ ಮಾಡಬೇಕು, ಫೋಲಿಕ್ ಆಮ್ಲವನ್ನೂ ಮುಂಚಿತವಾಗಿ ಆರಂಭಿಸಬೇಕು. ಫೆನಿಟೊಯಿನ್, ಕಾರ್ಬಮಜೆಪಿನ್‌ನಂಥ ಫಿಟ್ಸ್ ಮಾತ್ರೆಗಳು ಗರ್ಭನಿರೋಧಕ ಗುಳಿಗೆಯ ಶಕ್ತಿಯನ್ನೇ ಕುಗ್ಗಿಸುತ್ತವೆ. ಇವೆಲ್ಲ ಗಂಡಹೆಂಡಿರು ಕೂತು ಮಾತನಾಡಿ ತೀರ್ಮಾನಿಸುವ ಸಂಗತಿಗಳು. ಮಾತ್ರೆಯನ್ನೇ ಸೀರೆಯ ಮಡಿಕೆಯಲ್ಲಿ ಅಡಗಿಸಿಟ್ಟವಳು ಎಲ್ಲಿಂದ ಮಾತು ಆರಂಭಿಸಬೇಕು?

ಫಿಟ್ಸ್ ಬಂದವಳ ಕೈಗೆ ಕಬ್ಬಿಣದ ಬೀಗದಕೈ ತುರುಕದೆ, ಬಾಯಿಗೆ ಏನನ್ನೂ ಹಾಕದೆ, ಅದುರಾಟ ನಿಂತೊಡನೆ ಮಗ್ಗುಲಿಗೆ ಹೊರಳಿಸಿ, 5 ನಿಮಿಷ ದಾಟಿದರೂ ನಿಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕೆಂಬುದನ್ನು ಯಾವ ಗಂಡನಾದರೂ ಒಂದೇ ಸಂಜೆಯಲ್ಲಿ ಕಲಿತುಕೊಳ್ಳಬಲ್ಲ. ಹೆಂಡತಿಗೆ ಅಪಸ್ಮಾರವಿದೆಯೆಂಬುದೇ ತಿಳಿಯದವನಿಗೆ ಇದನ್ನು ಕಲಿಸುವವರು ಯಾರು?