ಕೀ ಪೆಟ್ಟಿಗೆಯೊಳಗೆ, ಪೆಟ್ಟಿಗೆಗೆ ಬೀಗ

ಮಂಗಳೂರಿನ ಒಂದು ಆಫೀಸು. ಹೆಸರು ಬೇಡ, ನನ್ನ ಬಿಲ್ಲು ಇನ್ನೂ ಅಲ್ಲೇ ಉಂಟು. ಅದರ ಮುಂಬಾಗಿಲಿನ ಇನ್ನೊಂದು ಕೀ ಎದುರಿನ ಹೊಟೇಲಿನ ಗೋಡೆಯ ಮೊಳೆಯಲ್ಲಿ ನೇತಾಡುತ್ತದೆ, ಬನ್ಸ್ ಇಡುವ ಗಾಜಿನ ಕಪಾಟಿನ ಪಕ್ಕ. ಇಷ್ಟು ವರ್ಷದಲ್ಲಿ ಒಂದು ದಿನವೂ ತೊಂದರೆ ಆಗಿಲ್ಲ.

ಕಂಪ್ಯೂಟರಿನ ಕಡತಗಳ ನಕಲು ಇಡುವ ಬ್ಯಾಕಪ್ ಟೇಪಿಗೆ ಮಾತ್ರ ಇಂಥ ಭದ್ರತೆ ಸಾಲದು, ಎನ್‌ಕ್ರಿಪ್ಟ್ ಮಾಡಿ, ಅಂದರೆ ಕೀ ಇಲ್ಲದವರು ಓದಲಾಗದ ಹಾಗೆ ಬರೆಯಿರಿ ಎಂದು ಮೇಲಿನಿಂದ ಸುತ್ತೋಲೆ ಬಂತು. ಅದರಲ್ಲಿ ತಪ್ಪೇನಿಲ್ಲ. ಟೇಪು ಆಫೀಸಿನಿಂದ ದೂರ ಇರಬೇಕೆಂದು ಅಟೆಂಡರ್ ಅದನ್ನು ಕೊಡೆ, ಬುತ್ತಿಯ ಜೊತೆ ಚೀಲಕ್ಕೆ ಹಾಕಿ ಸುರತ್ಕಲ್ ಬಸ್ಸು ಹತ್ತುತ್ತಾರೆ. ಬಸ್ಸಲ್ಲೇ ಬಿಟ್ಟು ಇಳಿದರೆ? 2007ರಲ್ಲಿ ಬಂದ ಎಲ್‌ಟಿಒ-4 ಎಂಬ ತಲೆಮಾರಿನ ಟೇಪಿನಿಂದ ಈಚೆಗೆ 256 ಬಿಟ್‌ನ ಬೀಗ ಹಾಕುವ ಸೌಲಭ್ಯ ಟೇಪು ಓದಿ ಬರೆಯುವ ಡ್ರೈವಿನೊಳಗೇ ಉಂಟು. ಕೀ ಕೊಡುವುದು ಬೇರೊಂದು ಸರ್ವರ್. ಟೇಪು ಹಾಕಿದಾಗ ಡ್ರೈವ್ ಕೀ ಕೇಳುತ್ತದೆ, ಟೇಪು ಹೊರಗೆ ಬಂದರೆ ಮರೆತುಬಿಡುತ್ತದೆ. ಟೇಪಿನ ಮೇಲೆ ಯಾವ ಕೀ ಎಂಬ ಗುರುತು ಮಾತ್ರ ಇರುತ್ತದೆ. ಕದ್ದವನಿಗೆ ಪ್ಲಾಸ್ಟಿಕ್ ಡಬ್ಬಿ ಲಾಭ.

ಆ ಸರ್ವರಿನ ಸೆಟ್ಟಿಂಗ್ ಮಾಡಲು ನಾನು ಹೋದದ್ದು. ಗುರುತಿಲ್ಲದ ಡ್ರೈವ್ ಬಂದು ಕೀ ಕೇಳಿದರೆ ಎಂತ ಮಾಡಬೇಕು ಎಂದು ಸಾಫ್ಟ್‌ವೇರ್ ಕೇಳುತ್ತದೆ. ಕೇಳಿದವರಿಗೆಲ್ಲ ಕೊಡಬಹುದು. ನಾವೇ ಮೊದಲು ಸೇರಿಸಿದ ಡ್ರೈವಿಗೆ ಮಾತ್ರ ಕೊಡಬಹುದು. ಇಲ್ಲವೇ, ಅನುಮತಿ ಸಿಗುವವರೆಗೆ ಕಾಯಿಸಬಹುದು. ಮೂರನೆಯದನ್ನು ಕೇಳಿದ್ದೇ ಸಾಹೇಬರ ಮುಖ ಅರಳಿತು.

"ಪೆಂಡಿಂಗ್ ಇಡ್ಲಿಕ್ಕೆ ಉಂಟಲ್ವಾ? ಅದನ್ನೇ ಹಾಕಿ ಮಾರಾಯ್ರೆ."

ಅಷ್ಟು ವರ್ಷದ ಸರ್ವೀಸಿನಲ್ಲಿ ಅವರಿಗೆ ಪೂರ್ತಿ ಅರ್ಥವಾದ ಮೊದಲ ಸಾಫ್ಟ್‌ವೇರ್ ಇದು. ಅನುಮತಿ ಕೊಡಬೇಕಾದ ಅಧಿಕಾರಿ ಚುನಾವಣಾ ಡ್ಯೂಟಿಗೆ ಹೋಗಿದ್ದರು. ಹೊಸ ಡ್ರೈವ್ ಹದಿನೇಳು ದಿನ ಹಳದಿ ಲೈಟು ಮಿಟುಕಿಸುತ್ತಾ ಕಾಯಿತು, ಹೊರಗಿನ ಬೆಂಚಿನಲ್ಲಿ ಅರ್ಜಿ ಹಿಡಿದು ಕೂತ ಅಜ್ಜನ ಹಾಗೆ. ನೆಟ್‌ವರ್ಕ್ ಕಾಯುವ ಫೈರ್‌ವಾಲ್‌ನಲ್ಲಿ, ಕೀ ಸಾಗಲು ಬೇಕಾದ 5696 ಎಂಬ ಪೋರ್ಟು ತೆರೆಸುವ ಕತೆ ಬೇರೆ, ಅದಕ್ಕೆ ಮೂರು ಪತ್ರ ಬೇಕಾಯಿತು.

ಇನ್ನು ಕೀಗಳ ಬ್ಯಾಕಪ್. ಕೀ ಸರ್ವರಿನ ಬ್ಯಾಕಪ್ಪನ್ನು ಅದೇ ಸರ್ವರ್ ಬೀಗ ಹಾಕಿದ ಟೇಪಿನಲ್ಲಿ ಇಡಬಾರದು ಎಂದು ಕೈಪಿಡಿಯಲ್ಲೇ ಇದೆ. ತೋರಿಸಿದೆ. ಸಾಹೇಬರು ಸುತ್ತೋಲೆ ತೆಗೆದರು. ಎಲ್ಲಾ ಬ್ಯಾಕಪ್‌ಗಳೂ ಕಡ್ಡಾಯವಾಗಿ ಎನ್‌ಕ್ರಿಪ್ಟ್ ಆದ ಟೇಪಿನಲ್ಲಿ, ಎಂದು ಅದರಲ್ಲಿತ್ತು. ಕೈಪಿಡಿಗೆ ಯಾರ ಸಹಿಯೂ ಇರಲಿಲ್ಲ, ಸುತ್ತೋಲೆಗೆ ಸಹಿ, ಸೀಲು ಎರಡೂ ಇತ್ತು. ಹೋಗಲಿ, ಜೊತೆಗೆ ಇನ್ನೊಂದು ಕೀ ಸರ್ವರಾದರೂ ಇರಲಿ ಎಂದೆ. "ಒಂದೇ ಕೆಲಸಕ್ಕೆ ಎರಡೇಕೆ?" ಎಂದು ಕೆಂಪು ಶಾಯಿಯಲ್ಲಿ ಬರೆದು ಕಡತ ವಾಪಸು ಬಂತು.

ಜೂನ್ ಬಂತು. ನಮ್ಮೂರ ಸಿಡಿಲು ಗೊತ್ತಲ್ಲ, ಸುತ್ತೋಲೆ ಓದುವುದಿಲ್ಲ. ಕೀ ಸರ್ವರಿನ ಡಿಸ್ಕ್ ಸುಟ್ಟುಹೋಯಿತು. ಸುರತ್ಕಲ್‌ನಿಂದ ಟೇಪು ಬಂತು, ಮಳೆಗೆ ಒದ್ದೆಯಾಗದಂತೆ ಎರಡು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿಕೊಂಡು. ಡ್ರೈವಿಗೆ ಹಾಕಿದೆವು. ಡ್ರೈವ್ ಕೀ ಕೇಳಿತು. ಕೀ ಟೇಪಿನೊಳಗಿತ್ತು.

ಅದೇ ವಾರ ತಪಾಸಣೆಯವರು ಬಂದರು. ಅನಧಿಕೃತ ವ್ಯಕ್ತಿಗಳು ಈ ಟೇಪನ್ನು ಓದಲು ಸಾಧ್ಯವೇ? ಇಲ್ಲ. ಪೂರ್ತಿ ಅಂಕ. ಅಧಿಕೃತ ವ್ಯಕ್ತಿಗಳ ಬಗ್ಗೆ ಫಾರಂನಲ್ಲಿ ಕಾಲಂ ಇರಲಿಲ್ಲ.

ಆ ಗಡಿಬಿಡಿಯಲ್ಲಿ ಅಟೆಂಡರ್ ಕಾಣಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೊಡೆ ಮಡಚುತ್ತಾ ಬಂದರು.

"ಹೊಟೇಲಿನ ಭಟ್ರ ಹತ್ರ ವಿಚಾರಿಸಿದೆ ಸರ್. ಇದರ ಕೀ ಮಾತ್ರ ಅವರಿಗೆ ಯಾರೂ ಕೊಟ್ಟೇ ಇಲ್ವಂತೆ."