ಸಂಸಾರ ಸಮೇತ ನಲ್ಲಾರ್ಬರ್

ಮರುಭೂಮಿಗೆ ಹೋದವರು ಅಲ್ಲಿ ಏನೇನು ನೋಡಿ ಬರುತ್ತಾರೋ ಗೊತ್ತಿಲ್ಲ. ನಾವಂತೂ ಜಾಸ್ತಿ ನೋಡಿದ್ದು ನೀರಿನ ಟ್ಯಾಂಕಿನ ದೀಪಗಳನ್ನು. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಗಾಲಿಮನೆ ನಮ್ಮ ಕ್ಯಾರವಾನ್. ಅದರ ಬಾಗಿಲ ಪಕ್ಕ ಒಂದು ಪುಟ್ಟ ಫಲಕ, ಅದರಲ್ಲಿ ನಾಲ್ಕು ದೀಪ. ಟ್ಯಾಂಕ್ ತುಂಬಿದ್ದರೆ ನಾಲ್ಕೂ ಉರಿಯುತ್ತವೆ. ನೀರು ಇಳಿದ ಹಾಗೆ ಒಂದೊಂದೇ ಆರುತ್ತವೆ. ಮೂರನೇ ದೀಪ ಆರಿದ್ದು ಯಾರು ಹಲ್ಲುಜ್ಜುವಾಗ ಎಂಬುದರ ಬಗ್ಗೆ ನಮ್ಮಲ್ಲಿ ಆದ ವಿಚಾರಣೆ ಕೋರ್ಟಿನಲ್ಲೂ ಆಗಲಿಕ್ಕಿಲ್ಲ. ಸಾಕ್ಷಿ, ಪಾಟಿ ಸವಾಲು, ಕೊನೆಗೆ ಚಿಕ್ಕವಳ ಅಳು.

ನಾವು ಐದು ಜನ. ನಾನು, ಇವರು, ಮಕ್ಕಳಿಬ್ಬರು, ಮೊಮ್ಮಕ್ಕಳನ್ನು ನೋಡಲು ಅಡಿಲೇಡಿಗೆ ಬಂದಿದ್ದ ನಮ್ಮ ಅತ್ತೆ. ಹೊರಟಿದ್ದು ಅಡಿಲೇಡಿನಿಂದ ಆಸ್ಟ್ರೇಲಿಯಾದ ಪಶ್ಚಿಮ ತೀರದ ಪರ್ತ್ ಕಡೆಗೆ. ನಡುವೆ ಸಿಗುವುದೇ ನಲ್ಲಾರ್ಬರ್ ಬಯಲು. ಸುಮಾರು 2 ಲಕ್ಷ ಚದರ ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ಇಡೀ ಕರ್ನಾಟಕದಷ್ಟು ಜಾಗ, ಅಷ್ಟೂ ಸುಣ್ಣಕಲ್ಲಿನ ಹಾಸು. ಮಳೆ ಬಂದರೂ ನೀರು ಮೇಲೆ ನಿಲ್ಲುವುದಿಲ್ಲ. ಕಲ್ಲಿನ ಬಿರುಕಿನಲ್ಲಿ ಇಳಿದು ಕೆಳಗಿನ ಗುಹೆಗಳನ್ನು ಸೇರಿಬಿಡುತ್ತದೆ. ಮೇಲೆ ಹೊಳೆ ಇಲ್ಲ, ಕೆರೆ ಇಲ್ಲ. ಮೊಣಕಾಲೆತ್ತರದ ಬೂದು ಬಣ್ಣದ ಗಿಡಗಳು ದಿಗಂತದವರೆಗೆ.

ಅತ್ತೆಗೆ ಸ್ವಲ್ಪ ನಿರಾಸೆಯೇ ಆಯಿತು. ಮರುಭೂಮಿ ಅಂದಮೇಲೆ ಮರಳಿನ ದಿಬ್ಬ ಬೇಡವೇ, ಒಂಟೆ ಬೇಡವೇ? "ಇದೇನೋ ಇದು, ಬರೀ ಬೀಳುಭೂಮಿ" ಅಂದರು ಮಗನಿಗೆ. ಒಂಟೆಯ ಆಸೆ ಮಾತ್ರ ಅರ್ಧ ತೀರಿತು. ಒಂಟೆ, ವಾಂಬ್ಯಾಟ್, ಕಾಂಗರೂ ಮೂರರ ಚಿತ್ರವೂ ಇರುವ ಹಳದಿ ಎಚ್ಚರಿಕೆ ಫಲಕ ಇಲ್ಲಿ ಹೆಸರುವಾಸಿ. ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು. ನಿಜವಾದ ಒಂಟೆ ಕಾಣಿಸಲಿಲ್ಲ.

ಬಯಲಿನ ಪೂರ್ವಕ್ಕಿರುವ ಊರು ಸೆಡೂನಾ ಬಿಟ್ಟರೆ ಪಶ್ಚಿಮಕ್ಕಿರುವ ನಾರ್ಸ್‌ಮನ್. ನಡುವೆ ಸುಮಾರು 1,200 ಕಿಲೋಮೀಟರ್. ಒಳ್ಳೆಯ ಡಾಂಬರು ರಸ್ತೆ, 1976ರಲ್ಲಿ ಪೂರ್ತಿಯಾದದ್ದು. ಅಲ್ಲಲ್ಲಿ ರೋಡ್‌ಹೌಸ್‌ಗಳು ಬಿಟ್ಟರೆ ಊರು ಅನ್ನುವಂಥದ್ದು ಅಪರೂಪ. ಪೆಟ್ರೋಲ್ ಬಂಕು, ಊಟ, ಮಲಗಲು ಕೋಣೆ, ಕ್ಯಾರವಾನ್ ನಿಲ್ಲಿಸಲು ಅಂಗಳ, ಎಲ್ಲ ಒಂದೇ ಸೂರಿನ ಸುತ್ತ. ಡೀಸೆಲ್ ಸಿಗುತ್ತದೆ, ಚಿಪ್ಸ್ ಸಿಗುತ್ತದೆ. ಟ್ಯಾಂಕಿಗೆ ನೀರು ತುಂಬಿಸಿಕೊಳ್ಳುತ್ತೇವೆ ಅಂದರೆ ಮಾತ್ರ ಆಗುವುದಿಲ್ಲ. ಅವರಿಗೇ ಸಾಲದು, ಪಾಪ. ನಿಮ್ಮ ನೀರು ನೀವೇ ಹೊತ್ತು ತನ್ನಿ ಎಂಬುದು ಈ ದಾರಿಯ ಮೊದಲ ಪಾಠ.

ಹೊರಡುವ ಮೊದಲು ಇವರು ವಾರಗಟ್ಟಲೆ ಕೂತು ನೀರುಳಿತಾಯದ ವಿಡಿಯೋ ನೋಡಿದ್ದರು. ಸ್ಪ್ರೇ ಬಾಟಲಿ ತಂದಿದ್ದರು, ಮಡಚುವ ಬಕೆಟ್ ತಂದಿದ್ದರು. ಮೊದಲ ರಾತ್ರಿ ಊಟವಾದ ಮೇಲೆ ಅವನ್ನೆಲ್ಲ ಜೋಡಿಸಿಟ್ಟು ವಿವರಿಸಲು ಶುರು ಮಾಡಿದರು. ಅತ್ತೆ ಒಂದು ನಿಮಿಷ ಕೇಳಿಸಿಕೊಂಡು, "ನೀನು ಆ ಕಡೆ ಹೋಗು" ಅಂದು ಸೀರೆ ಎತ್ತಿ ಕಟ್ಟಿದರು. ತಟ್ಟೆಗಳನ್ನೆಲ್ಲ ಮೊದಲು ಪೇಪರಿನಿಂದ ಒರೆಸಿದರು. ಅಕ್ಕಿ ತೊಳೆದ ನೀರನ್ನು ಚೆಲ್ಲದೆ ಇಟ್ಟಿದ್ದರಲ್ಲ, ಅದರಲ್ಲಿ ಮೊದಲ ಸುತ್ತು. ಆಮೇಲೆ ಒಂದು ಚೊಂಬು ಒಳ್ಳೆಯ ನೀರು. ಎಡಗೈಯಲ್ಲಿ ತಟ್ಟೆಗಳನ್ನು ಬೀಸಣಿಗೆಯ ಹಾಗೆ ಓರೆಯಾಗಿ ಒಂದರ ಕೆಳಗೊಂದು ಹಿಡಿದು, ಬಲಗೈಯಿಂದ ಮೇಲಿನ ತಟ್ಟೆಗೆ ಸಣ್ಣಗೆ ನೀರು ಬಿಟ್ಟರು. ಮೇಲಿನದನ್ನು ತೊಳೆದ ನೀರು ಎರಡನೆಯದಕ್ಕೆ, ಎರಡನೆಯದರ ನೀರು ಮೂರನೆಯದಕ್ಕೆ. ಕೆಳಗಿನ ತಟ್ಟೆಯಿಂದ ಇಳಿದದ್ದು ಬಕೆಟ್ಟಿಗೆ. ಕೈಕಾಲು ತೊಳೆಯಲು ಅದೇ ಆಯಿತು. ಚೊಂಬಿನಲ್ಲಿ ಇನ್ನೂ ಒಂದು ಗುಟುಕು ನೀರು ಉಳಿದಿತ್ತು. ನಲ್ಲಿ ಬರುವ ಮುಂಚಿನ ಕಾಲದಲ್ಲಿ ಬಾವಿ ಸೇದಿ ಸಂಸಾರ ಮಾಡಿದವರ ಎದುರು ಸ್ಪ್ರೇ ಬಾಟಲಿಯ ಆಟ ನಡೆಯುತ್ತದಾ?

ತಮಾಷೆ ಎಂದರೆ ಪಕ್ಕದಲ್ಲೇ ಸಮುದ್ರ. ನಲ್ಲಾರ್ಬರ್ ರೋಡ್‌ಹೌಸ್ ದಾಟಿದ ಮೇಲೆ ರಸ್ತೆಯಿಂದ ಸ್ವಲ್ಪ ಎಡಕ್ಕೆ ಹೊರಳಿದರೆ ಭೂಮಿ ಕತ್ತರಿಸಿಟ್ಟಂತೆ ಮುಗಿದುಬಿಡುತ್ತದೆ. ಬುಂಡಾ ಕಮರಿಗಳು. 60 ಮೀಟರಿಗೂ ಆಳದಲ್ಲಿ ನೀಲಿ ನೀರು ಬಂದು ಬಡಿಯುತ್ತದೆ. ಕಣ್ಣಿಗೆ ಬೇಕಾದಷ್ಟು ನೀರು, ಬಾಯಿಗೆ ಒಂದು ಹನಿ ಇಲ್ಲ. 1841ರಲ್ಲಿ ಎಡ್ವರ್ಡ್ ಜಾನ್ ಐರ್ ಎಂಬ ಇಂಗ್ಲಿಷ್ ಅನ್ವೇಷಕ ಇದೇ ತೀರ ಹಿಡಿದು ಪಶ್ಚಿಮಕ್ಕೆ ನಡೆದ. ಜೊತೆಗಿದ್ದ ಬ್ಯಾಕ್ಸ್‌ಟರ್ ದಾರಿಯಲ್ಲಿ ಕೊಲೆಯಾದ. ಕೊನೆಯವರೆಗೂ ಜೊತೆಗೆ ನಡೆದವನು ವೈಲಿ ಎಂಬ ಮೂಲನಿವಾಸಿ ಹುಡುಗ. ನೀರಿಲ್ಲದಾಗ ಐರ್ ಎಲೆಯ ಮೇಲಿನ ಇಬ್ಬನಿಯನ್ನು ಸ್ಪಂಜಿನಲ್ಲಿ ಒತ್ತಿ ಹಿಂಡಿಕೊಂಡದ್ದೂ ಉಂಟು. ಈ ಹೆದ್ದಾರಿಗೆ ಇಟ್ಟಿರುವುದು ಐರ್‌ನ ಹೆಸರು. ವೈಲಿಯ ಹೆಸರನ್ನೂ ಸೇರಿಸಿದ್ದರೆ ಏನು ಹೋಗುತ್ತಿತ್ತೋ. ಇಬ್ಬನಿಯ ಕಥೆಯನ್ನು ಮಕ್ಕಳಿಗೆ ಹೇಳಿದ್ದು ನಲ್ಲಿ ನಿಲ್ಲಿಸಲಿ ಎಂಬ ಸ್ವಾರ್ಥಕ್ಕೆ. ಮಗ ಮರುದಿನ ಬೆಳಿಗ್ಗೆ ನನ್ನ ಪಾತ್ರೆ ಉಜ್ಜುವ ಸ್ಪಂಜನ್ನೇ ಹಿಡಿದು ಗಿಡ ಹುಡುಕಿಕೊಂಡು ಹೋಗಿದ್ದ.

ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ಗಡಿಯಲ್ಲಿ ತಪಾಸಣೆ ಇದೆ. ಬಾರ್ಡರ್ ವಿಲೇಜ್‌ನಲ್ಲಿ ಗಾಡಿ ನಿಲ್ಲಿಸಿ ಹಸಿ ತರಕಾರಿ, ಹಣ್ಣು, ಜೇನುತುಪ್ಪ ಎಲ್ಲ ಒಪ್ಪಿಸಬೇಕು. ಹಣ್ಣುನೊಣ, ಬೆಳೆರೋಗ ಗಡಿ ದಾಟಿ ಬರಬಾರದು ಎಂದು. ಸರಿಯಾದ ಕಾನೂನೇ. ಆದರೆ ದುಡ್ಡು ಕೊಟ್ಟು ತಂದ ಬದನೆಕಾಯಿಯನ್ನು ತೊಟ್ಟಿಗೆ ಎಸೆಯಲು ಯಾರಿಗೆ ಕೈ ಬರುತ್ತದೆ? ಬೇಯಿಸಿದ್ದಕ್ಕೆ ಅಡ್ಡಿಯಿಲ್ಲ. ಹಾಗಾಗಿ ಗಡಿಯ ಹಿಂದಿನ ರಾತ್ರಿ ಈ ದಾರಿಯ ಕ್ಯಾರವಾನುಗಳಲ್ಲೆಲ್ಲ ದೊಡ್ಡ ಪಾತ್ರೆ ಒಲೆಗೇರುತ್ತದೆ. ಬೇರೆಯವರು ಸೂಪ್ ಮಾಡುತ್ತಾರೆ. ನಮ್ಮಲ್ಲಿ ಹುಳಿ. ಕ್ಯಾರೆಟ್, ಬೀನ್ಸ್, ಆಲೂಗಡ್ಡೆ, ಬದನೆ, ಅರ್ಧ ಎಲೆಕೋಸು, ಎರಡು ಮೂಲಂಗಿ, ಒಂದರ ಜೊತೆ ಇನ್ನೊಂದು ಸೇರುತ್ತದೋ ಇಲ್ಲವೋ ಎಂದು ನೋಡದೆ ಹಾಕಿದ ಹುಳಿ. ನಿಂಬೆಹಣ್ಣನ್ನೆಲ್ಲ ಅತ್ತೆ ಹಿಂಡಿ ರಸವನ್ನು ಬಾಟಲಿಗೆ ತುಂಬಿದರು. ಮಕ್ಕಳಿಗೆ ಮಲಗುವ ಮುಂಚೆ ಬಲವಂತವಾಗಿ ಒಂದೊಂದು ಬಾಳೆಹಣ್ಣು.

ಬೆಳಿಗ್ಗೆ ತಪಾಸಣೆಯಾಕೆ ಫ್ರಿಜ್ ತೆಗೆಸಿದಳು. ಒಳಗೆ ಪೂರ್ತಿ ಜಾಗ ಹಿಡಿದು ಕೂತ ಹುಳಿಯ ಪಾತ್ರೆ. ಮುಚ್ಚಳ ತೆಗೆದು ಬಗ್ಗಿ ಮೂಸಿದಳು. ಎಲ್ಲ ಬೆಂದಿದೆಯಾ ಎಂದು ಕೇಳಿದಳು. ಬೆಂದಿದೆ ಅಂದೆವು. ಅತ್ತೆಗೆ ಇಂಗ್ಲಿಷ್ ಅಷ್ಟಾಗಿ ಬಾರದಿದ್ದರೂ ಪ್ರಶ್ನೆ ಅರ್ಥವಾಗಿತ್ತು. ತಮ್ಮ ಹುಳಿ ಬೆಂದಿದೆಯೋ ಇಲ್ಲವೋ ಎಂದು ಸರ್ಕಾರದವರು ಕೇಳಿದ್ದು ಅವರಿಗೆ ಹಿಡಿಸಲಿಲ್ಲ. ಆ ಹುಳಿಯನ್ನು ಎಷ್ಟು ಹೊತ್ತಿನ ಊಟಕ್ಕೆ ತಿಂದೆವೋ ಲೆಕ್ಕವಿಲ್ಲ. ಹಿಂತಿರುಗುವಾಗ ಸೆಡೂನಾದಲ್ಲೂ ಇದೇ ತಪಾಸಣೆ ಇದೆ ಎಂದು ಗೊತ್ತಾದಾಗ ಮಗ ಪರ್ತ್‌ನಲ್ಲೇ ಇದ್ದುಬಿಡೋಣ ಅಂದ.

ಗಡಿ ದಾಟಿದ ಮೇಲೆ ಗಡಿಯಾರದ ಗಲಾಟೆ. ಯೂಕ್ಲಾ ಸುತ್ತಮುತ್ತಲಿನ ನಾಲ್ಕಾರು ರೋಡ್‌ಹೌಸ್‌ಗಳಿಗೆ ತಮ್ಮದೇ ಒಂದು ಸಮಯ ಇದೆ. ಪರ್ತ್‌ಗಿಂತ 45 ನಿಮಿಷ ಮುಂದೆ, ಅಡಿಲೇಡಿಗಿಂತ 45 ನಿಮಿಷ ಹಿಂದೆ. ಸರ್ಕಾರದ ಮುದ್ರೆ ಇಲ್ಲ, ರಸ್ತೆ ಬದಿ ಫಲಕ ಮಾತ್ರ ಇದೆ. ಬೇಸಿಗೆಯಲ್ಲಿ ಅಡಿಲೇಡ್ ಒಂದು ಗಂಟೆ ಮುಂದೆ ಹಾರುವುದರಿಂದ ಆ ಲೆಕ್ಕವೂ ತಪ್ಪುತ್ತದೆ. ಇವರು ಕಾರಿನ ಗಡಿಯಾರ, ಫೋನು, ಕೈಗಡಿಯಾರ ಮೂರನ್ನೂ ತಾಳೆ ಹಾಕುತ್ತಾ ಕೂತರು. ಅತ್ತೆ ಮಕ್ಕಳಿಗೆ ಹಸಿವಾದಾಗ ಬಡಿಸಿದರು.

ಕಾಯಿಗೂನಾ ದಾಟಿದರೆ 146.6 ಕಿಲೋಮೀಟರ್ ನೇರ ರಸ್ತೆ. ಒಂದೂ ತಿರುವಿಲ್ಲ. ಅದರ ಬಗ್ಗೆ ಬರೆಯಲು ಏನೂ ಇಲ್ಲ. ಎದುರಿನಿಂದ ರೋಡ್ ಟ್ರೇನ್, ಅಂದರೆ ಎರಡು ಮೂರು ಟ್ರೇಲರ್ ಎಳೆಯುವ ಉದ್ದನೆಯ ಲಾರಿ, ಬಂದು ಹಾದುಹೋದಾಗ ಅದರ ಗಾಳಿಗೆ ಕ್ಯಾರವಾನ್ ಒಮ್ಮೆ ಅತ್ತಿತ್ತ ವಾಲುತ್ತದೆ, ಒಳಗೆ ಚಮಚಗಳು ಸದ್ದು ಮಾಡುತ್ತವೆ, ಅಷ್ಟೇ. ಅಲ್ಲಲ್ಲಿ ರಸ್ತೆಯನ್ನೇ ಅಗಲ ಮಾಡಿ ಬಿಳಿ ಪಟ್ಟೆ ಬಳಿದಿದ್ದಾರೆ. ಫ್ಲೈಯಿಂಗ್ ಡಾಕ್ಟರ್ ಸೇವೆಯ ವಿಮಾನ ತುರ್ತಿಗೆ ರಸ್ತೆ ಮೇಲೇ ಇಳಿಯಲಿ ಎಂದು. ಆಮೇಲಿಂದ ಚಿಕ್ಕವಳು ಕಾರಿನ ಹಿಂದಿನ ಕಿಟಕಿಯಿಂದ ಆಕಾಶ ಕಾಯತೊಡಗಿದಳು. ಹಿಂದಿನಿಂದ ವಿಮಾನ ಬಂದರೆ ಜಾಗ ಬಿಡಬೇಕಲ್ವಾ!

ಆಕಾಶದಿಂದ ಇಲ್ಲಿ ಒಮ್ಮೆ ನಿಜಕ್ಕೂ ಬಿದ್ದಿದೆ. 1979ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಒಡೆದು ಚೂರುಗಳು ಈ ಭಾಗದಲ್ಲಿ ಚೆಲ್ಲಾಡಿದವು. ಬ್ಯಾಲಡೋನಿಯಾ ರೋಡ್‌ಹೌಸಿನ ಪುಟ್ಟ ಸಂಗ್ರಹಾಲಯದಲ್ಲಿ ಆ ಕಥೆ ಇದೆ. ಕಸ ಎಸೆದದ್ದಕ್ಕೆ ಎಸ್ಪೆರೆನ್ಸ್‌ನ ಸ್ಥಳೀಯ ಆಡಳಿತ ನಾಸಾಗೆ 400 ಡಾಲರ್ ದಂಡ ಹಾಕಿತ್ತಂತೆ. ಇದನ್ನು ಓದಿದ ಮೇಲೆ ನಮ್ಮ ಮಕ್ಕಳು ಚಾಕಲೇಟ್ ಕಾಗದವನ್ನು ಜೇಬಿಗೇ ಹಾಕಿಕೊಂಡರು.

ನಾರ್ಸ್‌ಮನ್ ಬಂತು. ಒಂದು ಕುದುರೆಯ ಗೊರಸಿಗೆ ಚಿನ್ನ ತಗುಲಿ ಹುಟ್ಟಿದ ಊರು ಎನ್ನುತ್ತಾರೆ, ಕುದುರೆಯ ಪ್ರತಿಮೆಯೂ ಇದೆ. ನಮಗೆ ಬೇಕಾಗಿದ್ದು ಚಿನ್ನವಲ್ಲ, ಬಿಸಿನೀರು. ಆದರೆ ಅದಕ್ಕೆ ಮುಂಚೆ ಕ್ಯಾರವಾನನ್ನು ಹಿಮ್ಮುಖವಾಗಿ ಜಾಗಕ್ಕೆ ಸೇರಿಸಬೇಕಲ್ಲ. ಬಯಲಿನಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಿ ಅಭ್ಯಾಸವಾಗಿತ್ತು. ಇಲ್ಲಿ ಎರಡು ಗಾಡಿಗಳ ನಡುವೆ ತೂರಿಸಬೇಕು. ಕ್ಯಾರವಾನ್ ಎಡಕ್ಕೆ ಹೋಗಬೇಕಾದರೆ ಸ್ಟೀರಿಂಗ್ ಬಲಕ್ಕೆ. ಹಿಂದೆ ನಿಂತು ಕೈಸನ್ನೆ ಮಾಡುವ ಕೆಲಸ ನನ್ನದು. ನಾನು ಎಡ ಅಂದರೆ ಇವರು "ಯಾರ ಎಡ?" ಅನ್ನುತ್ತಾರೆ. ನಾನು ನಿಲ್ಲಿಸಿ ಅಂತ ಕೈ ಎತ್ತಿದರೆ ಟಾಟಾ ಮಾಡಿದೆ ಅಂದುಕೊಳ್ಳುತ್ತಾರೆ. ಮಗ ಒಂದು ಕಡೆಯಿಂದ "ಅಪ್ಪಾ ಮರ, ಮರ" ಎಂದು ಕೂಗುತ್ತಾನೆ. ಮರವೇ ಇಲ್ಲದ ಬಯಲು ದಾಟಿ ಬಂದವರಿಗೆ ಮರ ಅಡ್ಡ ಸಿಕ್ಕಿದ್ದು ಇಲ್ಲಿ, ಬಂಪರಿನ ಹಿಂದೆ.

ಇದಕ್ಕೆ ಪ್ರೇಕ್ಷಕರೂ ಇರುತ್ತಾರೆ. ಈ ದೇಶದಲ್ಲಿ ನಿವೃತ್ತರಾದ ಮೇಲೆ ಕ್ಯಾರವಾನ್ ಕಟ್ಟಿಕೊಂಡು ತಿಂಗಳುಗಟ್ಟಲೆ ತಿರುಗುವ ಗಂಡಹೆಂಡಿರು ತುಂಬಾ ಜನ. ಸಂಜೆ ಹೊತ್ತು ಮಡಚುವ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಲೋಟ ಹಿಡಿದು, ಹೊಸದಾಗಿ ಬಂದವರು ಗಾಡಿ ನಿಲ್ಲಿಸುವುದನ್ನು ಕದಲದೆ ನೋಡುತ್ತಾರೆ. ನಗುವುದಿಲ್ಲ. ನಕ್ಕಿದ್ದರೆ ವಾಸಿ ಇತ್ತು.

ಅಂತೂ ಗಾಡಿ ನಿಂತಿತು. ಅತ್ತೆ ಇಳಿದವರೇ ಹಳೇ ಅಭ್ಯಾಸಕ್ಕೆ ಚೊಂಬು ಹುಡುಕಿದರು. ಮಕ್ಕಳು ಟವೆಲ್ ಹಿಡಿದು ಸ್ನಾನದ ಮನೆಗೆ ಓಡಿದರು. ಪ್ರೇಕ್ಷಕರಲ್ಲಿ ಬಿಳಿಗಡ್ಡದವರೊಬ್ಬರು ಎದ್ದು ಬಂದು ಇವರ ಕೈ ಕುಲುಕಿ, ಎದುರುಗಾಳಿ ಸಿಕ್ಕಿತಾ, ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಕುಡಿಯಿತು ಎಂದು ಕೇಳಿದರು. ಇವರ ಮುಖ ಅರಳಿತು. ಹಿಂದಿನಿಂದ ಕುರ್ಚಿ ಎಳೆದುಕೊಂಡು ಬಂದು ಬಿಡಿಸಿ ಕೂತರು. ಇನ್ನು ಒಂದು ಗಂಟೆ ಪಾತ್ರೆ ಕಡೆ ತಲೆ ಹಾಕುವ ಮಾತೇ ಇಲ್ಲ.