ಕೋಲಾರದ ಸೇಬು

2025ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಸಚಿವರು, ಅಂದ್ರೆ ನಮ್ಮ ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಅವರು, ಒಂದು ಸುದ್ದಿ ಕೊಟ್ಟರು. ಓಲಾ, ಊಬರ್ ಎರಡಕ್ಕೂ ಗ್ರಾಹಕ ರಕ್ಷಣಾ ಪ್ರಾಧಿಕಾರದಿಂದ ನೋಟಿಸ್ ಹೋಗಿದೆ ಅಂತ. ಒಂದೇ ಜಾಗದಿಂದ ಒಂದೇ ಜಾಗಕ್ಕೆ ಹೋಗೋಕೆ ಐಫೋನ್ ಇದ್ದವರಿಗೆ ಒಂದು ದರ, ಆಂಡ್ರಾಯ್ಡ್ ಇದ್ದವರಿಗೆ ಇನ್ನೊಂದು ದರ ಅಂತ ಜನ ದೂರುತ್ತಿದ್ದಾರಲ್ಲ, ಏನು ಸಮಾಚಾರ ಅನ್ನೋದು ನೋಟಿಸಿನ ಸಾರ. ಎರಡೂ ಕಂಪನಿಗಳು ‘ಹಾಗೇನೂ ಇಲ್ಲ, ನಾವು ಫೋನ್ ನೋಡಿ ದರ ಹಾಕಲ್ಲ’ ಅಂದವು.

ನಿಜವೋ ಸುಳ್ಳೋ ಪ್ರಾಧಿಕಾರ ನೋಡಿಕೊಳ್ಳಲಿ. ನನಗೆ ಮಜಾ ಅನ್ನಿಸಿದ್ದು ಐಫೋನಿಗರ ಮುಖದಲ್ಲಿ ಮೂಡಿದ ಕಳೆ. ಜಾಸ್ತಿ ದುಡ್ಡು ಕಿತ್ತಿರಬಹುದು ಅಂದ್ರೆ ಮನುಷ್ಯನಿಗೆ ಸಿಟ್ಟು ಬರಬೇಕು ಅಲ್ವಾ? ನಮ್ಮ ಆಫೀಸಿನ ಐಫೋನಿಗರೊಬ್ಬರು ಆ ಸುದ್ದಿಯನ್ನು ಮೂರು ಗ್ರೂಪಿಗೆ ಫಾರ್ವರ್ಡ್ ಮಾಡಿದರು. ಕೆಳಗೆ ಒಂದು ಸಾಲು: ‘ನೋಡ್ರಪ್ಪಾ, ನಮ್ಮ ಪಾಡು.’ ಗೋಳಾಡೋ ನೆಪದಲ್ಲಿ ಮೀಸೆ ತಿರುವೋದು ಅಂದ್ರೆ ಇದೇ. ಅದೇ ಗ್ರೂಪಿನ ಆಂಡ್ರಾಯ್ಡಿಗರೂ ಕುಣಿದಾಡಿದರು. ತಮಗೆ ಕಡಿಮೆ ದರ ಬೀಳುತ್ತೆ ಅನ್ನೋದಕ್ಕಿಂತ ಅವರಿಗೆ ಜಾಸ್ತಿ ಬೀಳುತ್ತೆ ಅನ್ನೋದೇ ಅವರ ಖುಷಿ.

ಹಾಗಾಗಿ ನನ್ನ ತೀರ್ಮಾನ ಇಷ್ಟೇ. ನಮ್ಮಲ್ಲಿ ಫೋನ್ ಅನ್ನೋದು ಆದಾಯ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಕೊಡೋದನ್ನ ಫೈಲಿನಲ್ಲಿ ಮಡಚಿಡುತ್ತೀವಿ, ಇದನ್ನ ಟೇಬಲ್ ಮೇಲೆ ಬೋರಲಾಗಿ ಇಡುತ್ತೀವಿ.

ಬೋರಲು ಅಂದೆ, ನೋಡಿ. ಫೋನಿನ ಕೆಲಸವೆಲ್ಲ ನಡೆಯೋದು ಮುಂಭಾಗದಲ್ಲಿ. ಆಯ್ಕೆ ಮಾತ್ರ ಹಿಂಭಾಗದ ಮೇಲೆ ನಡೆಯುತ್ತೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಒಂದು ಕವರ್ ಅಂಗಡಿ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ಎಲ್ಲ ಗೊತ್ತಾಗುತ್ತೆ. ಐಫೋನ್ ಕವರುಗಳಲ್ಲಿ ಒಂದು ತಳಿ ಇದೆ. ಫೋನನ್ನು ಪೂರ್ತಿ ಮುಚ್ಚುತ್ತೆ, ನಾಲ್ಕು ಮೂಲೆಗೂ ದಪ್ಪ ರಬ್ಬರು, ನಡುವೆ ಮಾತ್ರ ದುಂಡಗೆ ಒಂದು ತೂತು. ಆ ತೂತಿನಿಂದ ಆಪಲ್ ಕಂಪನಿಯ ಗುರುತಿನ ಸೇಬು ಇಣುಕುತ್ತೆ. ಬಿದ್ದರೆ ಪೆಟ್ಟಾಗಬಾರದು, ಆದರೆ ಸೇಬು ಕಾಣದೆ ಇರಲೂಬಾರದು. ಪಕ್ಕದ ಡಬ್ಬಿಯಲ್ಲಿ ಸೇಬಿನ ಸ್ಟಿಕ್ಕರ್ ಬೇರೆ ಮಾರ್ತಾರೆ. ಅದನ್ನು ಯಾವ ಫೋನಿಗೆ ಅಂಟಿಸ್ತಾರೆ ಅಂತ ನಾನು ಬಾಯಿಬಿಟ್ಟು ಹೇಳೋದು ಬೇಡ.

ಅಂಗಡಿಯ ಒಳಗಿನ ಮಾತುಕತೆ ಇನ್ನೂ ಚೆನ್ನಾಗಿರುತ್ತೆ.

‘ಸರ್, ಯಾವ ಕೆಲಸಕ್ಕೆ ಬೇಕು ಫೋನು?’

‘ಐಫೋನ್ ಬೇಕು.’

‘ಅದೇ ಸರ್, ಫೋಟೋ ಜಾಸ್ತಿ ತೆಗೀತೀರಾ, ಗೇಮ್ ಆಡ್ತೀರಾ...’

‘ಇಎಂಐ ಎಷ್ಟು ತಿಂಗಳು ಸಿಗುತ್ತೆ?’

ಮುಗಿಯಿತು. ಪ್ರೊಸೆಸರ್, ಸ್ಕ್ರೀನು, ಸಾಫ್ಟ್‌ವೇರು ಯಾವುದರ ಮಾತೂ ಇಲ್ಲ. 82,900 ರೂಪಾಯಿಗೆ ಶುರುವಾಗೋ ಐಫೋನ್ 17 ಅನ್ನು ತಿಂಗಳ ಕಂತಿಗೆ ಭಾಗಿಸಿ, ಅದು ಪಿಜಿ ಬಾಡಿಗೆಗಿಂತ ಕಡಿಮೆ ಬಂದರೆ ವ್ಯಾಪಾರ ಪಕ್ಕಾ. ಅಷ್ಟೂ ಆಗದವರು ಸೆಕೆಂಡ್ ಹ್ಯಾಂಡ್ ಕಡೆ ತಿರುಗುತ್ತಾರೆ. ಅಲ್ಲಿ ಕೇಳೋದು ಒಂದೇ ಪ್ರಶ್ನೆ: ‘ಬ್ಯಾಟರಿ ಹೆಲ್ತ್ ಎಷ್ಟಿದೆ?’ ನೂರಕ್ಕೆ 79 ಅಂದ್ರೆ ಮುಖ ಸಪ್ಪಗಾಗುತ್ತೆ, 91 ಅಂದ್ರೆ ಅರಳುತ್ತೆ. ಸ್ವಂತ ಬಿಪಿ, ಶುಗರ್ ಎಷ್ಟಿದೆ ಅಂತ ಗೊತ್ತಿಲ್ಲದವರು ಕೂಡ ತಮ್ಮ ಫೋನಿನ ಬ್ಯಾಟರಿ ಹೆಲ್ತನ್ನು ಥಟ್ ಅಂತ ಹೇಳುತ್ತಾರೆ.

ಆಂಡ್ರಾಯ್ಡಿಗರು ಇದನ್ನೆಲ್ಲ ಓದಿ ನಗ್ತಾ ಇರಬಹುದು. ಸ್ವಲ್ಪ ತಡೀರಿ.

ಭಾರತದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಫೋನುಗಳು ಆಂಡ್ರಾಯ್ಡ್. ಇಷ್ಟು ಬಹುಮತ ಇರೋರು ನೆಮ್ಮದಿಯಾಗಿರಬೇಕಿತ್ತು. ಆದರೆ ಇವರಷ್ಟು ಅಂಕಿಸಂಖ್ಯೆ ಬಡಬಡಿಸೋರು ಅರ್ಥಶಾಸ್ತ್ರ ವಿಭಾಗದಲ್ಲೂ ಸಿಗಲ್ಲ. ‘ನಂದು 200 ಮೆಗಾಪಿಕ್ಸೆಲ್, ನಿಂದೆಷ್ಟು?’ ಅಂತ ಎದೆಯುಬ್ಬಿಸಿ ಕೇಳುತ್ತಾರೆ. ಸ್ವಾಮಿ, ಆ 200 ಮೆಗಾಪಿಕ್ಸೆಲ್ ಕ್ಯಾಮೆರಾ ಸೆಟ್ಟಿಂಗ್ ಬದಲಿಸದೇ ಇದ್ದರೆ ಹದಿನಾರು ಪಿಕ್ಸೆಲನ್ನು ಒಟ್ಟು ಸೇರಿಸಿ ಒಂದು ಮಾಡುತ್ತೆ. ಕೈಗೆ ಬರೋ ಫೋಟೋ ಸುಮಾರು 12 ಮೆಗಾಪಿಕ್ಸೆಲ್. ಅದನ್ನು ವಾಟ್ಸ್ಯಾಪಿನಲ್ಲಿ ಕಳಿಸಿದಾಗ ಅದು ಇನ್ನಷ್ಟು ಹಿಂಡುತ್ತೆ. ಕೊನೆಗೆ ದೊಡ್ಡಮ್ಮನಿಗೆ ತಲುಪೋದು ‘ಶುಭೋದಯ’ ಚಿತ್ರಕ್ಕಿಂತ ಸ್ವಲ್ಪ ಮೇಲಿನ ಗುಣಮಟ್ಟ.

ಇನ್ನು ಅವರ ದೊಡ್ಡ ಘೋಷಣೆ ಸ್ವಾತಂತ್ರ್ಯ. ‘ಆಂಡ್ರಾಯ್ಡಲ್ಲಿ ಏನು ಬೇಕಾದ್ರೂ ಬದಲಾಯಿಸ್ಕೋಬಹುದು.’ ಸರಿ, ಏನು ಬದಲಾಯಿಸಿದ್ದೀರಿ ತೋರಿಸಿ ಅಂದ್ರೆ ವಾಲ್‌ಪೇಪರ್ ತೋರಿಸ್ತಾರೆ. ಅದರಲ್ಲಿ ಮಗುವಿನ ಫೋಟೋ, ಇಲ್ಲಾ ಆಂಜನೇಯ. ಅಗ್ಗದ ಮಾಡೆಲ್ ಆದ್ರೆ ಆ ಸ್ವಾತಂತ್ರ್ಯವೂ ಪೂರ್ತಿ ಅವರದಲ್ಲ. ಫೋನ್ ಲಾಕ್ ಆಗಿದ್ದರೂ ಸ್ಕ್ರೀನಿನಲ್ಲಿ ಯಾರೋ ನಟಿಯ ಡಯಟ್ಟು, ಯಾವುದೋ ಸಾಲದ ಜಾಹೀರಾತು. ಲಾಕ್ ಸ್ಕ್ರೀನಿನಲ್ಲಿ ಇಂಥದ್ದನ್ನೆಲ್ಲ ತೋರಿಸೋ ಗ್ಲಾನ್ಸ್ ನಮ್ಮ ಬೆಂಗಳೂರಿನದ್ದೇ ಅನ್ನೋದು ಹೆಮ್ಮೆಯ ವಿಷಯವೋ ಅಲ್ಲವೋ, ನೀವೇ ಹೇಳಿ. ಬಾಕ್ಸ್ ಒಡೆಯೋ ಮೊದಲೇ ಒಳಗೆ ಬಂದು ಕೂತಿರೋ ಆಪ್‌ಗಳಲ್ಲಿ ಕೆಲವನ್ನು ತೆಗೆಯೋಕೂ ಬರಲ್ಲ. ಬಾಡಿಗೆದಾರ ಮನೆ ಬಿಡದಿದ್ದರೆ ಕೋರ್ಟಿಗೆ ಹೋಗಬಹುದು, ಇವುಗಳ ಮೇಲೆ ಎಲ್ಲಿಗೆ ಹೋಗೋದು?

ಆಂಡ್ರಾಯ್ಡಿಗರಿಗೆ ಒಂದು ನಿಜವಾದ ಅನುಕೂಲ ಇತ್ತು, ಒಪ್ಪುತ್ತೀನಿ. ಕಾಲ್ ರೆಕಾರ್ಡಿಂಗ್. ಐಫೋನಿಗೆ ಅದು ಬಂದಿದ್ದು 2024ರ ಅಕ್ಟೋಬರಿನಲ್ಲಿ. ಅದೂ ‘ಈ ಕರೆ ರೆಕಾರ್ಡ್ ಆಗುತ್ತಿದೆ’ ಅಂತ ಎರಡೂ ಕಡೆಯವರಿಗೆ ಕೂಗಿ ಹೇಳುತ್ತೆ. ನಮ್ಮ ರಾಜ್ಯದ ರಾಜಕೀಯ ಅರ್ಧ ನಡೆಯೋದೇ ಆಡಿಯೊ ಕ್ಲಿಪ್ಪಿನ ಮೇಲೆ. ಎಲ್ಲ ಮುಖಂಡರೂ, ಅವರ ಆಪ್ತರೂ ಐಫೋನ್ ಹಿಡಿದುಬಿಟ್ಟರೆ ಸುದ್ದಿವಾಹಿನಿಯವರು ರಾತ್ರಿ ಒಂಬತ್ತಕ್ಕೆ ಏನು ಹಾಕ್ಬೇಕು?

ಈ ಎರಡು ಪಾಳಯದವರು ಹದಿನೈದು ವರ್ಷದ ಮೇಲಾಯಿತು, ಜಗಳ ಆಡುತ್ತಲೇ ಇದ್ದಾರೆ. ಅಲ್ಲಿ ಇಲ್ಲದ್ದು ಇಲ್ಲಿದೆ, ಇಲ್ಲಿ ಇಲ್ಲದ್ದು ಅಲ್ಲಿದೆ. ಆಮೇಲೆ ಎರಡೂ ಕಡೆ ಬರುತ್ತೆ, ಜಗಳದವರು ಹೊಸ ವಿಷಯ ಹುಡುಕುತ್ತಾರೆ. ಮೊದಲ ಐಫೋನ್ 2007ರಲ್ಲಿ ಬಂದಾಗ ಅದರಲ್ಲಿ ಕಾಪಿ-ಪೇಸ್ಟ್ ಕೂಡ ಇರಲಿಲ್ಲ, ಎರಡು ವರ್ಷ ಕಾಯಬೇಕಾಯಿತು. ಹೋಮ್ ಸ್ಕ್ರೀನಿನ ಮೇಲೆ ವಿಜೆಟ್ (ಗಡಿಯಾರ, ಹವಾಮಾನ ತೋರಿಸೋ ಪುಟ್ಟ ಚೌಕ) ಇಡೋದು ಆಂಡ್ರಾಯ್ಡಿನಲ್ಲಿ 2008ರಿಂದ ಇತ್ತು. ಆಪಲ್ ಅದನ್ನು 2020ರಲ್ಲಿ ತಂದಿತು. ಆಗ ಐಫೋನಿಗರ ಸಂಭ್ರಮ ನೋಡಬೇಕಿತ್ತು, ಗಡಿಯಾರವನ್ನು ಈಗಷ್ಟೇ ಕಂಡುಹಿಡಿದ ಹಾಗೆ.

ಅತ್ತ ಕಡೆಯೂ ಕಡಿಮೆ ಇಲ್ಲ. 2016ರಲ್ಲಿ ಐಫೋನ್ 7ರಿಂದ ಹೆಡ್‌ಫೋನ್ ತೂತು ಹೋಯಿತು. ಆಂಡ್ರಾಯ್ಡ್ ಫೋನ್ ಮಾಡೋ ಸ್ಯಾಮ್‌ಸಂಗ್ ಜಾಹೀರಾತು ಮಾಡಿ ಅಣಕಿಸಿತು. 2019ರಲ್ಲಿ ಅದರ ನೋಟ್ 10ರಲ್ಲೂ ತೂತು ಮಾಯ. 2020ರಲ್ಲಿ ಐಫೋನ್ 12ರ ಡಬ್ಬಿಯಿಂದ ಚಾರ್ಜರ್ ಹೋಯಿತು. ‘ನಮ್ಮಲ್ಲಿ ಚಾರ್ಜರ್ ಉಂಟು’ ಅಂತ ಸ್ಯಾಮ್‌ಸಂಗಿನದೇ ಒಂದು ಶಾಖೆ ಫೇಸ್‌ಬುಕ್ಕಿನಲ್ಲಿ ಹಾಕಿ ನಕ್ಕಿತು. ಕೆಲವೇ ತಿಂಗಳಲ್ಲಿ ಗ್ಯಾಲಕ್ಸಿ ಎಸ್21 ಬಂತು. ಡಬ್ಬಿ ತೆಗೆದರೆ ಚಾರ್ಜರ್ ಇಲ್ಲ. ಫೇಸ್‌ಬುಕ್ಕಿನ ಆ ಪೋಸ್ಟೂ ಇಲ್ಲ. ಆ ನಗುವನ್ನು ನಂಬಿಕೊಂಡು ಐಫೋನ್ ಹಿಡಿದ ಸೋದರಮಾವನ ಜೊತೆ ಮಾತು ಬಿಟ್ಟಿದ್ದ ಆಂಡ್ರಾಯ್ಡಿಗರ ಗತಿ ಏನು?

ಕಂಪನಿಗಳು ಮಾತ್ರ ಮಾತು ಬಿಡಲ್ಲ. ಆಪಲ್ಲು ಸ್ಯಾಮ್‌ಸಂಗ್ ಮೇಲೆ 2011ರಲ್ಲಿ ಕೇಸು ಹಾಕಿತು. ಮರುವರ್ಷ ಅಮೆರಿಕದ ಜ್ಯೂರಿ ನೂರು ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಕೊಡಿಸಿತು. ಎಳೆದಾಡಿ ಎಳೆದಾಡಿ 2018ರಲ್ಲಿ ರಾಜಿಯಾಯಿತು. ಆ ಕೇಸು ಇನ್ನೂ ನಡೆಯುತ್ತಿದ್ದಾಗಲೇ, 2017ರಲ್ಲಿ, ಐಫೋನ್ ಹತ್ತಕ್ಕೆ ಸ್ಕ್ರೀನ್ ಮಾಡಿಕೊಟ್ಟವರು ಯಾರು? ಸ್ಯಾಮ್‌ಸಂಗಿನವರು. ಇನ್ನು ಆಂಡ್ರಾಯ್ಡಿನ ಒಡೆಯ ಗೂಗಲ್. ಐಫೋನಿನ ಬ್ರೌಸರ್ ಸಫಾರಿಯಲ್ಲಿ ಹುಡುಕಾಟಕ್ಕೆ ತನ್ನನ್ನೇ ಮೊದಲಿಗೆ ಇಡಬೇಕು ಅಂತ ಅದು 2022ರ ಒಂದೇ ವರ್ಷದಲ್ಲಿ ಆಪಲ್‌ಗೆ ಕೊಟ್ಟಿದ್ದು 2,000 ಕೋಟಿ ಡಾಲರ್. ಅಮೆರಿಕದ ಕೋರ್ಟಿನಲ್ಲೇ ಹೊರಬಿದ್ದ ಲೆಕ್ಕ ಇದು. ಗೂಗಲ್ ಕಂಡರೆ ಉರಿದು ಬೀಳೋ ಐಫೋನಿಗ, ಸಫಾರಿಯಲ್ಲಿ ‘ಆಂಡ್ರಾಯ್ಡ್ ಯಾಕೆ ದಂಡ’ ಅಂತ ಹುಡುಕಿದಾಗಲೂ ಉತ್ತರ ಕೊಡೋದು ಗೂಗಲ್ಲೇ, ಅದರ ಜಾಹೀರಾತಿನ ದುಡ್ಡಲ್ಲಿ ಪಾಲು ಪಡೆಯೋದು ಆಪಲ್ಲೇ. ಯಜಮಾನರು ಒಟ್ಟಿಗೆ ಕೂತು ಉಣ್ಣುತ್ತಿದ್ದಾರೆ, ಬೀದಿಯಲ್ಲಿ ಅಂಗಿ ಹರಿದುಕೊಳ್ಳುತ್ತಿರೋದು ಕಂತು ಕಟ್ಟೋ ನಾವು.

ಈಗ ಕೋಲಾರಕ್ಕೆ ಬರೋಣ. ನನಗೆ ತುಂಬ ಇಷ್ಟವಾದ ಪ್ರಹಸನ ಇದು.

ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸೋ ಕಾರ್ಖಾನೆ ಇದೆ. ಮೊದಲು ವಿಸ್ಟ್ರಾನ್ ನಡೆಸುತ್ತಿತ್ತು. 2020ರ ಡಿಸೆಂಬರಿನಲ್ಲಿ ಸಂಬಳದ ವಿಚಾರಕ್ಕೆ ಕಾರ್ಮಿಕರು ರೊಚ್ಚಿಗೆದ್ದು ಗಾಜು ಪುಡಿ ಪುಡಿಯಾದದ್ದು ನೆನಪಿರಬಹುದು. 2023ರಲ್ಲಿ ಟಾಟಾದವರು ಅದನ್ನು ಕೊಂಡರು. ಇತ್ತ ದೇವನಹಳ್ಳಿ ಕಡೆ ಫಾಕ್ಸ್‌ಕಾನಿನ ದೊಡ್ಡ ಕಾರ್ಖಾನೆ ಎದ್ದಿದೆ. ತಮಿಳುನಾಡಿನಲ್ಲೂ ಇವೆ. ಜೂನ್‌ವರೆಗಿನ ಮೂರು ತಿಂಗಳಲ್ಲಿ ಅಮೆರಿಕದಲ್ಲಿ ಮಾರೋ ಐಫೋನುಗಳಲ್ಲಿ ಹೆಚ್ಚಿನವು ಭಾರತದಿಂದಲೇ ಬರುತ್ತವೆ ಅಂತ 2025ರ ಮೇ ತಿಂಗಳಲ್ಲಿ ಆಪಲ್ಲಿನ ಟಿಮ್ ಕುಕ್ ಅವರೇ ಹೇಳಿದರು.

ಇದೆಲ್ಲ ಆದಮೇಲೂ ಬೆಂಗಳೂರಿನ ಬಸವನಗುಡಿಯ ಒಂದು ಮನೆಯಲ್ಲಿ ಏನಾಗುತ್ತೆ? ‘ಡಿಸೆಂಬರಿಗೆ ರಾಘು ಬರ್ತಾನಲ್ಲ, ಅಲ್ಲಿಂದ ಒಂದು ಐಫೋನ್ ತರೋಕೆ ಹೇಳು. ಇಲ್ಲಿ ಮಾಡಿದ್ದು ಅಷ್ಟು ಚೆನ್ನಾಗಿರಲ್ಲ.’ ನರಸಾಪುರದಲ್ಲಿ ಕೋಲಾರದ ಹುಡುಗಿ ಸ್ಕ್ರೂ ಬಿಗಿದ ಫೋನು ವಿಮಾನ ಹತ್ತಿ ಕ್ಯಾಲಿಫೋರ್ನಿಯಾಕ್ಕೆ ಹೋಗುತ್ತೆ. ಅಲ್ಲಿ ರಾಘು 799 ಡಾಲರ್ ಕೊಟ್ಟು, ಮೇಲೆ ಅಲ್ಲಿನ ಟ್ಯಾಕ್ಸೂ ಕಟ್ಟಿ ಕೊಳ್ಳುತ್ತಾನೆ. ಸಾಕ್ಸಿನೊಳಗೆ ತುರುಕಿ, ಸೂಟ್‌ಕೇಸಿನಲ್ಲಿ ಚಾಕೊಲೇಟ್ ಪೊಟ್ಟಣಗಳ ನಡುವೆ ಇಟ್ಟು, ದೇವನಹಳ್ಳಿಯಲ್ಲಿ ಇಳಿಯುತ್ತಾನೆ. ಅಂದ್ರೆ ಫಾಕ್ಸ್‌ಕಾನಿನ ಬಗಲಲ್ಲೇ. ಮನೆಯವರು ಫೋನು ತಿರುಗಿಸಿ ತಿರುಗಿಸಿ ನೋಡಿ, ‘ಫಿನಿಶಿಂಗ್ ನೋಡು, ಅಮೆರಿಕದ್ದು ಅಮೆರಿಕದ್ದೇ’ ಅನ್ನುತ್ತಾರೆ. ಆಮೇಲೆ ಸಿಮ್ ಹಾಕೋಕೆ ಪಿನ್ನು ತಂದು ತೂತು ಹುಡುಕುತ್ತಾರೆ. ಸಿಗಲ್ಲ. ಐಫೋನ್ 14ರಿಂದ ಅಮೆರಿಕದ ಮಾಡೆಲ್ಲಿಗೆ ಸಿಮ್ ಹಾಕೋ ಜಾಗವೇ ಇಲ್ಲ, ಬರೀ ಇ-ಸಿಮ್, ಅಂದ್ರೆ ಫೋನಿನೊಳಗೇ ಇರೋ ಸಿಮ್. ಅಪ್ಪನ ಇಪ್ಪತ್ತು ವರ್ಷದ ಹಳೇ ಸಿಮ್ಮನ್ನು ಇ-ಸಿಮ್ ಮಾಡಿಸೋಕೆ ಮತ್ತೆರಡು ದಿನ ಓಡಾಟ.

ಅತ್ತ ಹೆಬ್ಬಾಳದ ಕಡೆಯ ಮಾಲಿನಲ್ಲಿ 2025ರ ಸೆಪ್ಟೆಂಬರ್ 2ರಂದು ಆಪಲ್ಲಿನವರದೇ ಅಂಗಡಿ ತೆರೆಯಿತು. ಕೋಲಾರದಿಂದ ಹೆಬ್ಬಾಳಕ್ಕೆ ಬಸ್ಸಿನಲ್ಲೇ ತರಬಹುದಾದ ಮಾಲು ಅದು.

ಎರಡು ಪಾಳಯದವರ ಪಟ್ಟಿಯಲ್ಲೂ ಎಂದೂ ಕಾಣದ ಒಂದು ಅಂಶ ಇದೆ. ಫೋನಿನ ಮೆನು, ಸೆಟ್ಟಿಂಗು ಎಲ್ಲವನ್ನೂ ಕನ್ನಡದಲ್ಲಿ ನೋಡೋ ಸೌಲಭ್ಯ ಆಂಡ್ರಾಯ್ಡಿಗೆ 2014ರಲ್ಲಿ ಲಾಲಿಪಾಪ್ ಆವೃತ್ತಿಯ ಜೊತೆ ಬಂತು. ಐಫೋನಿಗೆ ಬಂದಿದ್ದು 2025ರಲ್ಲಿ, ಅದರ ಸಾಫ್ಟ್‌ವೇರ್ ಐಒಎಸ್‌ನ 18.4 ಆವೃತ್ತಿಯಲ್ಲಿ. ಹತ್ತು ವರ್ಷದ ಅಂತರ! ಆಂಡ್ರಾಯ್ಡಿಗರಿಗೆ ಇದಕ್ಕಿಂತ ದೊಡ್ಡ ಅಸ್ತ್ರ ಬೇಕಿತ್ತಾ? ಅವರು ಅದನ್ನು ಎತ್ತಲೇ ಇಲ್ಲ. ಎತ್ತೋಕೆ ಗೊತ್ತಿರಬೇಕಲ್ಲ. ಅವರ ಫೋನು ಹತ್ತು ವರ್ಷದಿಂದ ಇಂಗ್ಲಿಷಿನಲ್ಲೇ ಇದೆ. ಐಫೋನಿಗರಿಗೂ ಇಷ್ಟು ವರ್ಷ ಕನ್ನಡ ಇರಲಿಲ್ಲ ಅನ್ನೋದು ಗೊತ್ತಿಲ್ಲ, ಈಗ ಬಂದಿದೆ ಅನ್ನೋದೂ ಗೊತ್ತಿಲ್ಲ. ನವೆಂಬರ್ ಒಂದಕ್ಕೆ ಮಾತ್ರ ಇಬ್ಬರೂ ಒಟ್ಟಾಗಿ ಹಳದಿ-ಕೆಂಪು ವಾಲ್‌ಪೇಪರ್ ಹಾಕಿ ‘ಹ್ಯಾಪಿ ರಾಜ್ಯೋತ್ಸವ’ ಅಂತಾರೆ.

ಒಂದು ಸಲ ಒಂದು ಕಡೆ ಸೇರಿದರೆ ಇನ್ನೊಂದು ಕಡೆ ಹೋಗೋದೂ ಸುಲಭ ಇಲ್ಲ, ಅದನ್ನೂ ಹೇಳಿಬಿಡ್ತೀನಿ. ವಾಟ್ಸ್ಯಾಪಿನ ಹಳೇ ಚಾಟನ್ನು ಐಫೋನಿನಿಂದ ಆಂಡ್ರಾಯ್ಡಿಗೆ ಒಯ್ಯೋಕೆ 2021ರವರೆಗೆ ಅಧಿಕೃತ ದಾರಿಯೇ ಇರಲಿಲ್ಲ. ಅತ್ತಿಂದ ಇತ್ತ ಬರೋಕೆ ಇನ್ನೊಂದು ವರ್ಷ ಬೇಕಾಯಿತು. ‘ನಾನು ಲಾಯಲ್’ ಅಂತ ಹೇಳಿಕೊಳ್ಳೋ ಎಷ್ಟೋ ಜನರ ನಿಷ್ಠೆಯ ಬೇರು ಇರೋದು ಫ್ಯಾಮಿಲಿ ಗ್ರೂಪಿನ ಹಳೇ ವಿಡಿಯೊಗಳಲ್ಲಿ.

ಮೊನ್ನೆ ನಮ್ಮ ಕಡೆ ಒಂದು ಮದುವೆ ಆಯಿತು. ಐಫೋನ್ ಇರೋ ನಮ್ಮ ಚಿಕ್ಕಪ್ಪನ ಮಗ ಮುಹೂರ್ತದ ಹೊತ್ತಿಗೆ ಎಲ್ಲರನ್ನೂ ಸರಿಸಿ ಮುಂದೆ ನಿಂತ. ‘ನೀವ್ಯಾರೂ ತೆಗೀಬೇಡಿ, ನಂದು ಐಫೋನು’ ಅಂದ. ಅವನ ಮಾತಿಗೆ ಬೆಲೆ ಕೊಟ್ಟು ಎಲ್ಲರೂ ಕೈ ಇಳಿಸಿದರು. ಊಟದ ಹೊತ್ತಿಗೆ ಅವನೂ, ಇನ್ನಿಬ್ಬರು ಐಫೋನಿನವರೂ ಮೂಲೆಯಲ್ಲಿ ನಿಂತು ಏರ್‌ಡ್ರಾಪ್ ಮಾಡಿಕೊಂಡರು, ಅಂದ್ರೆ ಫೋನಿನಿಂದ ಫೋನಿಗೆ ನೇರವಾಗಿ ಫೋಟೋ ಕಳಿಸಿಕೊಂಡರು. ಉಳಿದವರಿಗೆ ‘ಆಮೇಲೆ ವಾಟ್ಸ್ಯಾಪ್ ಮಾಡ್ತೀನಿ’ ಅಂತ ಭರವಸೆ.

ಮದುವೆ ಮುಗಿದು, ಬೀಗರೂಟ ಮುಗಿದು, ಹುಡುಗಿ ತವರಿಗೆ ಒಂದು ಸಲ ಬಂದೂ ಹೋದಳು. ಗ್ರೂಪಿನಲ್ಲಿ ‘ಫೋಟೋ ಕಳ್ಸಪ್ಪಾ’ ಅನ್ನೋ ಬೇಡಿಕೆ ಮಾತ್ರ ನಿಂತಿಲ್ಲ. ಕೊನೆಗೆ ನಾನೇ ಫೋನ್ ಮಾಡಿ ಕೇಳಿದೆ.

‘ಸ್ಟೋರೇಜ್ ಫುಲ್ ಕಣೋ. ಐಕ್ಲೌಡಲ್ಲಿ ಫ್ರೀ ಕೊಡೋದು ಐದೇ ಜಿಬಿ. ಯಾವುದನ್ನ ಡಿಲೀಟ್ ಮಾಡೋದು ಅಂತ ನೋಡ್ತಾ ಇದೀನಿ.’

ತಿಂಗಳಿಗೆ 75 ರೂಪಾಯಿ ಕೊಟ್ಟರೆ 50 ಜಿಬಿ ಸಿಗುತ್ತಲ್ಲ, ತಗೋ ಅಂದೆ.

‘ಎಪ್ಪತ್ತೈದಾ? ಪ್ರತಿ ತಿಂಗಳಾ?’ ಅಂದ. ‘ಹಗಲು ದರೋಡೆ ಅಲ್ವೇನೋ ಇದು!’